ಡಿಕ್ಕಿಯಲ್ಲಿ ಐದು ದಿನ

"ಹೆಸರು ಹೇಳಿ, ಕ್ಯಾನಿನ ಮೇಲೆ ಬರೀಬೇಕು," ಎಂದಳು ಸ್ಪಂದನ, ತಲೆ ಎತ್ತದೆ.

"ಸಿದ್ದಲಿಂಗೇಶ್. ಉದ್ದ ಆಯ್ತು ಅಂದ್ರೆ ಸಿದ್ದು ಅಂತ ಬರೀರಿ, ಸಾಕು."

ಮಾರ್ಕರ್ ಸ್ಟಿಕರಿನ ಮೇಲೆ ನಿಂತುಬಿಟ್ಟಿತು. ಆ ಹೆಸರನ್ನು ಅವಳು ಏಳು ತಿಂಗಳಿಂದ ಬಲ್ಲಳು. ಮುಖ ಮಾತ್ರ ಈಗ ನೋಡುತ್ತಿದ್ದಳು.

"ಇನಿಶಿಯಲ್?"

"ಎಸ್. ಯಾಕೆ, ಇಲ್ಲಿಗೆ ಇನ್ನೊಬ್ಬ ಸಿದ್ದಲಿಂಗೇಶ್ ಬರ್ತಾನಾ?"

"ಒಬ್ರು ಬಂದಿದ್ರು. ಅವರೇನಾ ಅಂತ ನೋಡ್ಕೊಂಡೆ."

ಅವನು ನಕ್ಕ. ಮೆಟ್ರೋದ ಸಮವಸ್ತ್ರ, ಭುಜಕ್ಕೆ ಊಟದ ಚೀಲ, ಹಣೆಯ ಮೇಲೆ ಬೆಳಿಗ್ಗೆ ಹಚ್ಚಿದ್ದ ವಿಭೂತಿ ಸಂಜೆಯ ಹೊತ್ತಿಗೆ ಮಾಸಿ ಉಳಿದ ಬಿಳಿ ಗೆರೆ. ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ. ಇವನು ನೋಡಲು ಚೆನ್ನಾಗಿರಬಾರದಿತ್ತು ಎನ್ನಿಸಿ ಅವಳ ಸಿಟ್ಟು ಇನ್ನಷ್ಟು ಏರಿತು.

ರಾಜಾಜಿನಗರದ ಆ ಬ್ರೂವರಿಯಲ್ಲಿ ಬಿಯರನ್ನು ಅಲ್ಲೇ ಕೂತು ಕುಡಿಯಬಹುದು, ಇಲ್ಲವೇ ಮನೆಗೆ ಒಯ್ಯಬಹುದು. ಒಯ್ಯುವವರಿಗೆ ನಲ್ಲಿಯಿಂದ ನೇರವಾಗಿ ಖಾಲಿ ಕ್ಯಾನಿಗೆ ತುಂಬಿ, ಮುಚ್ಚಳವಿಟ್ಟು, ಮೆಷಿನ್ನಿನಲ್ಲಿ ತಿರುಗಿಸಿ ಸೀಲ್ ಮಾಡಿ ಕೊಡುತ್ತಾರೆ. ಮೇಲೊಂದು ಸ್ಟಿಕರು: ಗಿರಾಕಿಯ ಹೆಸರು, ತುಂಬಿದ ದಿನ, ಮೂರು ದಿನದೊಳಗೆ ಕುಡಿಯಿರಿ ಎನ್ನುವ ಸಾಲು. ಅದರ ಕೆಳಗೆ ತುಂಬಿದವರ ಪೂರ್ತಿ ಹೆಸರು. ಈ ಕೊನೆಯ ಸಾಲು ಮೊದಲು ಇರಲಿಲ್ಲ. ಅದು ಬಂದದ್ದು ಇವನಿಂದಲೇ.

ಏಪ್ರಿಲ್ ತಿಂಗಳಲ್ಲಿ ಸ್ಪಂದನ ತನ್ನ ಮೊದಲ ಟ್ಯಾಂಕು ಬಿಯರು ತಯಾರಿಸಿದ್ದಳು. ಗೋಧಿ ಬಿಯರು, ಅದಕ್ಕೆ ಕಿತ್ತಳೆ ಸಿಪ್ಪೆ, ಕುಟ್ಟಿದ ಕೊತ್ತಂಬರಿ ಬೀಜ. ಬೇರೆಯವರ ಕೈಗೆ ಬಿಡಲು ಮನಸ್ಸಾಗದೆ ನಲವತ್ತು ಕ್ಯಾನುಗಳನ್ನು ತಾನೇ ತುಂಬಿ, ತಾನೇ ದಿನಾಂಕ ಬರೆದಳು. ವಾರದೊಳಗೆ ಇಂಟರ್ನೆಟ್ಟಿನಲ್ಲಿ ರಿವ್ಯೂ ಬಂತು. "ಹಳೇ ಮಾಲಿಗೆ ಹೊಸ ಡೇಟ್ ಅಂಟಿಸಿ ಕೊಡ್ತಾರೆ. ನೆಂದ ರಟ್ಟಿನ ವಾಸನೆ. ಡೇಟ್ ಬರೆದವರಿಗೆ ನಾಚಿಕೆಯಾಗಬೇಕು. ಸಿದ್ದಲಿಂಗೇಶ್ ಎಸ್."

ಮಾಲೀಕ ಕಾಂತರಾಜು ಅವಳನ್ನು ಬೈಯಲಿಲ್ಲ. "ನಾನು ನಂಬಲ್ಲಮ್ಮ. ಆದ್ರೆ ಬಂದೋರೆಲ್ಲ ಅದನ್ನೇ ಓದ್ಕೊಂಡು ಬಂದು ಕೇಳ್ತಾರೆ. ಸ್ವಲ್ಪ ದಿನ ಕೌಂಟರ್‌ಗೆ ಬಾ," ಎಂದರು. ಸ್ವಲ್ಪ ದಿನ ಏಳು ತಿಂಗಳಾಯಿತು. ಟ್ಯಾಂಕಿನ ಕೋಣೆಯಲ್ಲಿ ಅವಳ ಗಮ್‌ಬೂಟುಗಳು ಗೋಡೆಗೊರಗಿಕೊಂಡು ಹಾಗೆಯೇ ನಿಂತಿದ್ದವು.

ಕೆಂಗೇರಿಯಾಚೆ ಸೂಲಿಕೆರೆ ಕಡೆಯ ಹಳ್ಳಿಯವಳು ಅವಳು. ತಾಯಿ ಅಕ್ಕಯ್ಯಮ್ಮ ಮೂರು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾಳೆ. ಒಮ್ಮೆ ಡೈರಿಯವನು ಹಾಲಿನಲ್ಲಿ ನೀರಿದೆ ಅಂದ. ಅಕ್ಕಯ್ಯಮ್ಮ ಜಗಳಕ್ಕೆ ನಿಲ್ಲಲಿಲ್ಲ. ಮನೆಗೆ ಹೋಗಿ ಹಸುವನ್ನೇ ಹಿಡಿದು ತಂದು, ಡೈರಿಯ ಬಾಗಿಲಲ್ಲಿ ಕಟ್ಟಿ, ಸಾಲಿನಲ್ಲಿ ನಿಂತವರೆಲ್ಲರ ಎದುರು ಹಾಲು ಕರೆದು ಕ್ಯಾನನ್ನು ಅವನ ಮೇಜಿನ ಮೇಲಿಟ್ಟಳು. ಈಗ ನೋಡು ಅಂದಳು.

ಸ್ಪಂದನಳಿಗೆ ಹಿಡಿದು ತರಲು ಹಸು ಇರಲಿಲ್ಲ. ಅವನು ತಾನಾಗಿಯೇ ಬಂದಿದ್ದ.

"ಮುಂದಿನ ಶುಕ್ರವಾರಾನೂ ಬರ್ತೀರಾ?" ಎಂದು ಕೇಳಿದಳು, ಕ್ಯಾನನ್ನು ಅವನ ಕಡೆ ತಳ್ಳುತ್ತ. ದನಿಯಲ್ಲಿ ಬೇಕೆಂದೇ ಒಂದಿಷ್ಟು ಸಿಹಿ ಬೆರೆಸಿದ್ದಳು.

ಅವನು ಬಂದ. ಅದರ ಮುಂದಿನ ಶುಕ್ರವಾರವೂ ಬಂದ.

ಅವಳಿಗೆ ಆತುರವಿರಲಿಲ್ಲ. ಮೊದಲು ಇವನಿಗೆ ರುಚಿ ಹತ್ತಬೇಕು, ನಂಬಿಕೆ ಬರಬೇಕು. ನಾಲ್ಕು ಜನರ ಎದುರು ತಲೆ ತಗ್ಗಿಸುವುದು ಹೇಗಿರುತ್ತದೆಂದು ಆಮೇಲೆ ಗೊತ್ತಾಗಬೇಕು.

"ಮೂರೇ ದಿನ ಯಾಕ್ರೀ?" ಎಂದ ಅವನೊಮ್ಮೆ. "ಅಂಗಡೀಲಿ ಸಿಗೋ ಕ್ಯಾನ್ ಆರು ತಿಂಗಳು ಇರುತ್ತಲ್ಲ."

"ಅದು ಫ್ಯಾಕ್ಟರೀಲಿ ಗಾಳಿ ತಾಗದ ಹಾಗೆ ತುಂಬಿರೋದು. ಇಲ್ಲಿ ನಲ್ಲಿ ಕೆಳಗೆ ಹಿಡಿದು ತುಂಬ್ತೀವಿ. ಮುಚ್ಚಳದ ಕೆಳಗೆ ಒಂಚೂರು ಗಾಳಿ ಉಳ್ಕೊಳ್ಳುತ್ತೆ. ಎಷ್ಟು ಗಟ್ಟಿಯಾಗಿ ಸೀಲ್ ಮಾಡಿದ್ರೂ ಅದು ಒಳಗೇ ಕೂತು ಕೆಲಸ ಮಾಡುತ್ತೆ. ಫ್ರಿಜ್‌ನಲ್ಲಿಟ್ರೆ ನಿಧಾನಕ್ಕೆ, ಹೊರಗಿಟ್ರೆ ಓಡೋಡಿ. ಮೂರು ದಿನ ಚೆನ್ನಾಗಿರುತ್ತೆ, ವಾರದವರೆಗೂ ಕುಡೀಬಹುದು, ಆಮೇಲೆ ನಿಮ್ಮ ಹಣೆಬರಹ."

"ಫ್ರಿಜ್ ಬೇಕೇ ಬೇಕಾ?"

"ಯಾಕೆ, ಮನೇಲಿಲ್ವಾ?"

"ಇದೆ," ಎಂದ ಅವನು, ಗೋಡೆ ಗಡಿಯಾರದ ಕಡೆ ನೋಡುತ್ತ. "ನಾನು ವಿಜಯನಗರದಲ್ಲಿ ಫ್ರೆಂಡ್ ರೂಮಿಗೆ ತಗೊಂಡ್ಹೋಗಿ ಅವತ್ತೇ ಮುಗಿಸಿಬಿಡ್ತೀನಿ."

ಆ ಮಾತನ್ನು ಅವಳು ಗಮನಿಸಲಿಲ್ಲ.

ಮತ್ತೊಂದು ಶುಕ್ರವಾರ ಅವನೆದುರು ಮೂರು ಲೋಟ ಇಟ್ಟಳು. "ಕಣ್ಣು ಮುಚ್ಚಿ. ಮೂಸಿ ಹೇಳಿ."

ಮೊದಲನೆಯದನ್ನು ಅವನ ಮೂಗಿನ ಹತ್ತಿರ ಹಿಡಿದಳು. "ಹಸಿರು ಹುಲ್ಲು... ಕಿತ್ತಳೆ ಸಿಪ್ಪೆ," ಎಂದ. ಅದು ಆ ದಿನದ್ದು. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ, "ಅದೇ, ಆದ್ರೆ ದೂರದಿಂದ ಕೇಳಿದ ಹಾಗೆ," ಎಂದ. ಅದಕ್ಕೆ ಐದು ದಿನವಾಗಿತ್ತು. ಮೂರನೆಯದಕ್ಕೆ ಅವನ ಮುಖ ಕಿವುಚಿತು. "ರಟ್ಟು. ಮಳೇಲಿ ನೆಂದ ರಟ್ಟು."

"ಹತ್ತು ದಿನ," ಎಂದಳು. ಅವನ ರೆಪ್ಪೆಗಳು ಹೆಂಗಸರ ರೆಪ್ಪೆಗಳಷ್ಟು ಉದ್ದವಾಗಿದ್ದವು. ಲೋಟ ಹಿಂದಕ್ಕೆ ತೆಗೆಯುವುದು ಒಂದು ಗಳಿಗೆ ತಡವಾಯಿತು. ಅಷ್ಟರಲ್ಲಿ ಅವನು ಕಣ್ಣು ತೆರೆದ.

"ಒಂದು ಹೇಳ್ಲಾ? ನೀವು ಡೇಟ್ ಬರೆಯುವಾಗ ಉಸಿರು ಹಿಡ್ಕೊಂಡಿರ್ತೀರ. ನಾನು ಪ್ರತಿವಾರ ನೋಡ್ತೀನಿ."

"ಬೇರೆ ಕೆಲಸ ಇಲ್ವಾ ನಿಮಗೆ?"

"ಆ ಹೊತ್ತಲ್ಲಿ ಇರಲ್ಲ."

ಅವನು ಹೋದ ಮೇಲೆ ಮೂರು ಲೋಟಗಳನ್ನೂ ಎರಡೆರಡು ಸಲ ತೊಳೆದಳು. ಅಷ್ಟು ಹೊತ್ತು ಸಿಟ್ಟನ್ನೇ ಮರೆತಿದ್ದೆನಲ್ಲ ಎಂದು ತನ್ನ ಮೇಲೆಯೇ ಹೊಸದಾಗಿ ಸಿಟ್ಟು ಬಂತು. ಇನ್ನು ತಡ ಮಾಡಬಾರದು ಎಂದುಕೊಂಡಳು.

ದಾರಿಯನ್ನು ಅವನೇ ತೋರಿಸಿದ. ಅವನಿಗೆ ಪ್ರಮೋಷನ್ ಆಗಿತ್ತು. ಭಾನುವಾರ ಮಧ್ಯಾಹ್ನ ಫ್ರೆಂಡಿನ ಮನೆ ತಾರಸಿಯಲ್ಲಿ ಸಹೋದ್ಯೋಗಿಗಳಿಗೆಲ್ಲ ಊಟ. "ಎಂಟು ಕ್ಯಾನ್ ಬೇಕು. ಎಲ್ಲರಿಗೂ ಹೇಳಿಟ್ಟಿದೀನಿ, ಇಡೀ ಬೆಂಗಳೂರಲ್ಲಿ ಇಷ್ಟು ಫ್ರೆಶ್ ಎಲ್ಲೂ ಸಿಗಲ್ಲ ಅಂತ. ನಿಮ್ಮ ಹೆಸರು ಹೇಳೇ ಕುಡಿಸ್ತೀನಿ."

ಹಿಂದಿನ ಸ್ಟೋರಿನಲ್ಲಿ, ಶೀಟಿನ ಛಾವಣಿಯ ಕೆಳಗೆ, ಯಾರೋ ಆರ್ಡರ್ ಕೊಟ್ಟು ಒಯ್ಯದೆ ಬಿಟ್ಟ ಕ್ಯಾನುಗಳಿದ್ದವು. ಅಲ್ಲಿಗೆ ಬಂದು ಹದಿನಾರು ದಿನ, ಚೆಲ್ಲಬೇಕಾದದ್ದು. ಭಾನುವಾರ ಬೆಳಿಗ್ಗೆ ಅದರಲ್ಲಿ ಎಂಟನ್ನು ತಂದು, ಹಳೆಯ ಸ್ಟಿಕರು ಕೆರೆದು, ಒರೆಸಿ, ಐಸಿನಲ್ಲಿ ಹೂತಿಟ್ಟಳು. ಹೊಸ ಸ್ಟಿಕರಿನ ಮೇಲೆ ಅವನ ಹೆಸರು ಬರೆದಳು. ಆ ದಿನದ ತಾರೀಖು ಬರೆದಳು. ಕೆಳಗೆ ತನ್ನ ಹೆಸರು. ಏಳು ಸ್ಟಿಕರು ಮುಗಿಯುವವರೆಗೂ ಕೈ ಸರಾಗವಾಗಿ ಓಡಿತು. ಎಂಟನೆಯದರಲ್ಲಿ 'ಸ್ಪಂದನ' ಎಂದು ಬರೆದು ನೋಡಿದಳು. ಅವನು ಅಂದು ಬರೆದದ್ದು ಈಗ ಅಕ್ಷರಕ್ಷರವೂ ನಿಜವಾಗಿತ್ತು.

ಆದರೂ ಅಂಟಿಸಿದಳು.

ಅವನು ಬಂದು, ಥ್ಯಾಂಕ್ಸ್ ಹೇಳಿ, ಚೀಲ ತಬ್ಬಿಕೊಂಡು ಹೋದ. ಅಂದು ಮಧ್ಯಾಹ್ನ ಅವಳು ಎರಡು ಮುದ್ದೆ ಉಂಡಳು.

ಸೋಮವಾರ ಸಂಜೆ ಅವನು ಒಂದೇ ಒಂದು ಕ್ಯಾನು ಹಿಡಿದುಕೊಂಡು ಬಂದ. ಕೌಂಟರಿನ ಮೇಲಿಟ್ಟು, ತೆರೆದು, ಅವಳ ಕಡೆ ಸರಿಸಿದ.

"ಮೂಸಿ."

ಅವಳು ಅಲುಗಲಿಲ್ಲ.

"ಹದಿನೈದು ದಿನ ಅಂತ ನನ್ನ ಲೆಕ್ಕ," ಎಂದ.

"ಹದಿನಾರು."

"ಒಂದು ದಿನ ತಪ್ಪಿದೆ. ಪರವಾಗಿಲ್ಲ, ಕಲಿಸಿದವರು ಚೆನ್ನಾಗೇ ಕಲಿಸಿದಾರೆ." ಅವನು ನಗಲಿಲ್ಲ.

"ಅವರಿಗೆಲ್ಲ ಏನಂದ್ರಿ?"

"ನಾನೇ ಬಿಸಿಲಲ್ಲಿ ಮರೆತಿಟ್ಟೆ ಅಂದೆ. ಊಟ ಮುಗಿಯೋವರೆಗೂ ಆಡ್ಕೊಂಡು ನಕ್ಕರು." ಜೇಬಿಗೆ ಕೈ ಹಾಕಿ ಏನನ್ನೋ ತೆಗೆದು ಕೌಂಟರಿನ ಮೇಲೆ ಸುರಿದ. ಎಂಟು ಸ್ಟಿಕರುಗಳು, ಮುದುಡಿ ಒಂದಕ್ಕೊಂದು ಅಂಟಿಕೊಂಡಿದ್ದವು. "ಮೊದಲನೇದು ಮೂಸಿದ ತಕ್ಷಣ ಎಲ್ಲದರದ್ದೂ ಕಿತ್ತುಬಿಟ್ಟೆ. ನಿಮ್ಮ ಹೆಸರಿತ್ತಲ್ಲ. ಈಗ ಹೇಳಿ, ಯಾಕೆ ಮಾಡಿದ್ರಿ?"

ಅವಳು ಫೋನು ತೆಗೆಯಲಿಲ್ಲ. ಅದರ ಅಗತ್ಯವಿರಲಿಲ್ಲ. "ಹಳೇ ಮಾಲಿಗೆ ಹೊಸ ಡೇಟ್ ಅಂಟಿಸಿ ಕೊಡ್ತಾರೆ," ಎಂದು ಶುರು ಮಾಡಿ, ಕೊನೆಯ ಹೆಸರಿನವರೆಗೂ ಬಾಯಿಪಾಠ ಒಪ್ಪಿಸಿದಳು.

ಅವನ ಮುಖದ ಬಣ್ಣ ಇಳಿಯಿತು. "ಅದು... ನೀವಾ?"

"ಅದು ನನ್ನ ಮೊದಲನೇ ಟ್ಯಾಂಕು. ಅವತ್ತಿನಿಂದ ಕೌಂಟರ್‌ನಲ್ಲಿ ನಿಂತಿದೀನಿ. ತಗೊಂಡಿದ್ದು ಯಾವತ್ತು?"

"ಶುಕ್ರವಾರ."

"ಕುಡಿದಿದ್ದು?"

"ಬುಧವಾರ."

"ಎಲ್ಲಿಟ್ಟಿದ್ರಿ?"

ಅವನು ಗಡಿಯಾರ ನೋಡಿದ, ನೆಲ ನೋಡಿದ. "ಸ್ಕೂಟರ್ ಡಿಕ್ಕೀಲಿ."

"ಏಪ್ರಿಲ್ ತಿಂಗಳಲ್ಲಿ."

"ನಮ್ಮನೆ ಫ್ರಿಜ್‌ನಲ್ಲಿ ಮೊಟ್ಟೆನೂ ಇಡಲ್ಲ ಕಣ್ರೀ. ಅಪ್ಪ ಪೂಜೆಗೆ ಹಾಲು ಅಲ್ಲಿಂದಲೇ ತಗೀತಾರೆ. ಅಪ್ಪ ಅಮ್ಮ ಇಬ್ಬರೂ ರಾಣೆಬೆನ್ನೂರಿಗೆ ಹೋಗೋದನ್ನೇ ಕಾಯ್ತಾ ಇದ್ದೆ. ಮೂರು ದಿನ ಅಂತ ಬರೆದಿರೋದು ಸುಮ್ನೆ ಅಂದ್ಕೊಂಡೆ. ಸೀಲ್ ಇದೆಯಲ್ಲ, ಏನಾಗುತ್ತೆ ಅಂತ. ಫ್ರೆಂಡ್ ಹೇಳಿದ್ದಕ್ಕೇ ಮತ್ತೆ ಈ ಕಡೆ ಬಂದಿದ್ದು."

"ಡಿಕ್ಕೀಲಿ ಐದು ದಿನ," ಎಂದಳು ಸ್ಪಂದನ. ನಗು ಗಂಟಲವರೆಗೆ ಬಂತು. ಅದನ್ನು ಅಲ್ಲೇ ತಡೆದಳು. ಎಂಟು ತಿಂಗಳು ಹೊತ್ತ ಸಿಟ್ಟನ್ನು ಇಷ್ಟು ಸಣ್ಣ ಸಂಗತಿಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಅವನು ಅಲ್ಲೇ ನಿಂತು ಫೋನಿನಲ್ಲಿ ಬಹಳ ಹೊತ್ತು ಟೈಪ್ ಮಾಡಿ, ಓದಿ ತೋರಿಸಿದ. "ಏಪ್ರಿಲ್‌ನಲ್ಲಿ ನಾನು ಬರೆದದ್ದು ಸುಳ್ಳು. ಬಿಯರ್ ಕೆಡಿಸಿದ್ದು ನಾನು. ಬಿಸಿಲಲ್ಲಿ ಐದು ದಿನ ಡಿಕ್ಕಿಯಲ್ಲಿಟ್ಟಿದ್ದೆ. ಡೇಟ್ ಬರೆದವರದ್ದು ಏನೂ ತಪ್ಪಿಲ್ಲ. ನಾಚಿಕೆಯಾಗಬೇಕಾದ್ದು ನನಗೆ."

"ಸರಿ," ಎಂದಳು. "ಸಾಲಲ್ಲ."

"ಇನ್ನೇನು ಮಾಡ್ಲಿ?"

ಅವಳು ಹೊಸ ಕ್ಯಾನು ತೆಗೆದುಕೊಂಡು, ನಲ್ಲಿಯ ಕೆಳಗೆ ಓರೆಯಾಗಿ ಹಿಡಿದು, ನೊರೆ ಅಂಚಿಗೆ ಬರುವ ತನಕ ತುಂಬಿದಳು. ಸೀಲ್ ಮಾಡಿದಳು. ಉಸಿರು ಹಿಡಿದು ತಾರೀಖು ಬರೆದಳು. ಅವನು ನೋಡುತ್ತಿದ್ದಾನೆಂದು ಗೊತ್ತಿದ್ದೂ ಹಿಡಿದಳು.

"ಇದನ್ನ ನಿಮ್ಮನೆ ಫ್ರಿಜ್‌ನಲ್ಲಿಡಿ. ಹಾಲಿನ ಪಕ್ಕ. ಗುರುವಾರದವರೆಗೆ. ಯಾರು ಕೇಳಿದ್ರೂ ನಿಜ ಹೇಳ್ಬೇಕು."

"ಇದರ ಮೇಲೆ ನಿಮ್ಮ ಹೆಸರೂ ಇದೆ. ಸ್ಪಂದನ ಅಂದ್ರೆ ಯಾರು ಅಂತ ಕೇಳಿದ್ರೆ?"

"ಅದನ್ನ ನೀವು ಯೋಚನೆ ಮಾಡ್ಕೊಳ್ಳಿ."

ಅವನು ಹೋದ ಮೇಲೆ ಅವಳು ಎಂಟು ಸ್ಟಿಕರುಗಳನ್ನೂ ಒಯ್ದು ಕಾಂತರಾಜು ಅವರ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಅವನು ಬರೆದಾಗ ಅದು ಸುಳ್ಳಾಗಿತ್ತು. ಈಗ?"

"ಈಗ ನಿಜ ಸಾರ್."

"ಯುಗಾದಿವರೆಗೂ ಕೌಂಟರ್‌ನಲ್ಲೇ ಇರು. ಆಮೇಲೆ ಟ್ಯಾಂಕಿಗೆ ಬರುವಂತೆ."

ಮಂಗಳವಾರ ಅವನ ಸುಳಿವಿಲ್ಲ. ಬುಧವಾರವೂ ಇಲ್ಲ. ಕ್ಯಾನನ್ನು ಚರಂಡಿಗೆ ಸುರಿದು ಸುಮ್ಮನಾಗಿರುತ್ತಾನೆ ಎಂದುಕೊಂಡಳು. ಹಾಗೆಂದುಕೊಂಡಾಗ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ ಏನೋ.

ಗುರುವಾರ ಐದು ಗಂಟೆಗೆ, ಇಳಕಲ್ ಸೀರೆಯ, ಹಣೆತುಂಬ ವಿಭೂತಿಯ ಹೆಂಗಸೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ವೈರಿನ ಬುಟ್ಟಿಯಿಂದ ಕ್ಯಾನು ತೆಗೆದು ಕೌಂಟರಿನ ಮೇಲಿಟ್ಟರು. ಅದರ ಮೈಮೇಲೆ ತಣ್ಣನೆಯ ಹನಿಗಳಿದ್ದವು.

"ಸ್ಪಂದನ ಅಂದ್ರ ನೀನ ಏನವಾ?"

"ಹೌದಮ್ಮ."

"ನಾ ಸಿದ್ದೂನ ತಾಯಿ, ಬಸವರಾಜೇಶ್ವರಿ. ಮೂರು ದಿನದಾಗ ಕುಡೀಬೇಕಂತ ಬರದೀಯಲ್ಲ, ಇವತ್ತಿಗೆ ಮೂರು ದಿನ ಆತು. ಅವರಪ್ಪ ಮಾತು ಬಿಟ್ಟಾರ. ಆ ಫ್ರಿಜ್‌ನಾಗಿನ ಹಾಲನೂ ಬಿಟ್ಟಾರ. ತಗದು ಒಗಿಯೋ ಅಂದ್ರ ಇವನು ಕೇಳವಲ್ಲ. ಹುಡುಗಿಗೆ ಸುಳ್ಳಿ ಅಂದೀನಿ, ಇನ್ನ ಅಕಿ ಮಾತು ಮೀರಂಗಿಲ್ಲ ಅಂತಾನ."

"ಕ್ಷಮಿಸಿ ಅಮ್ಮ, ನಾನೇ ಇಡೋಕೆ ಹೇಳಿದ್ದು."

"ಗೊತ್ತೈತಿ. ನಿನ್ನ ಬೈಯಾಕಂತನ ಬಂದೆ." ಅವರು ಕ್ಯಾನನ್ನು ಎತ್ತಿ, ಮುಚ್ಚಳದ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. "ಹೊರಡೂ ಮುಂದ ಹಾಲು ಮೂಸಿ ನೋಡಿದೆ. ಮೊಸರೂ ನೋಡಿದೆ. ಒಂದೀಟು ವಾಸನಿ ಹತ್ತಿಲ್ಲ." ಕ್ಯಾನನ್ನು ಕೆಳಗಿಟ್ಟರು. "ಕೆಲಸ ಚೊಕ್ಕ ಐತಿ ನಿಂದು."

ಎಂಟು ತಿಂಗಳಿಂದ ಯಾರೂ ಆ ಮಾತನ್ನು ಅವಳಿಗೆ ಹೇಳಿರಲಿಲ್ಲ. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವನು ಹೊರಗ ನಿಂತಾನ," ಎಂದರು ಬಸವರಾಜೇಶ್ವರಿ, ಕುರ್ಚಿ ಎಳೆದು ಕೂರುತ್ತ. "ನಿನಗ ಹೆದರ್ಯಾನೋ ನನಗ ಹೆದರ್ಯಾನೋ, ಕೇಳ್ಕೊಂಡು ಬಾ. ನನಗ ಒಂದು ಲೋಟ ನೀರು ಕೊಟ್ಟು ಹೋಗು. ನೀರು, ಮತ್ತ."

ನೀರು ಕೊಟ್ಟು, ಕ್ಯಾನು ಹಿಡಿದು ಹೊರಗೆ ಬಂದಳು. ಅವನು ಸ್ಕೂಟರಿಗೆ ಒರಗಿ ನಿಂತಿದ್ದ. ಮೂರು ದಿನ ಸರಿಯಾಗಿ ಮಾತಾಡಿಸುವವರಿಲ್ಲದವನ ಮುಖ. ಅವಳನ್ನು ಕಂಡು ನೆಟ್ಟಗಾದ.

"ಸ್ಪಂದನ ಯಾರು ಅಂತ ಕೇಳಿದ್ರಾ?" ಎಂದಳು.

"ಮೊದಲನೇ ದಿನಾನೇ."

"ಏನಂದ್ರಿ?"

"ಇನ್ನೂ ನನ್ನ ಮೇಲೆ ಸಿಟ್ಟಲ್ಲಿದಾಳೆ, ಇಳಿದ ಮೇಲೆ ಮನೆಗೆ ಕರ್ಕೊಂಡು ಬರ್ತೀನಿ ಅಂದೆ." ಅವನು ಅವಳ ಕಣ್ಣು ನೋಡಿ ಕೇಳಿದ, "ಇಳಿದಿದೆಯಾ?"

"ಇಲ್ಲ."

"ಎಷ್ಟು ದಿನ ಇರುತ್ತೆ?"

"ತಣ್ಣಗಿಟ್ರೆ ವರ್ಷಗಟ್ಟಲೆ ಇರುತ್ತೆ, ನಮ್ಮಮ್ಮನ ಕಡೆಯಿಂದ ಬಂದಿದ್ದು." ಅವಳು ಕೈ ಚಾಚಿದಳು. "ಕೀ ಕೊಡಿ."

ಅರ್ಥವಾಗದೆ ಕೊಟ್ಟ. ಸೀಟು ಎತ್ತಿ ನೋಡಿದಳು. ಒಂದು ರೇನ್‌ಕೋಟು, ಒರೆಸುವ ಬಟ್ಟೆ, ಸಂಜೆ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಸ್ವಲ್ಪ ಹೊತ್ತು ಅದರೊಳಗೇ ನೋಡುತ್ತ ನಿಂತಳು. ಆಮೇಲೆ ಕ್ಯಾನನ್ನು ಅವನ ಕೈಗೆ ಕೊಟ್ಟು, ಸೀಟನ್ನು ಸದ್ದಾಗುವಂತೆ ಮುಚ್ಚಿ, ಕೀಲಿ ತಿರುಗಿಸಿದಳು.

"ಬಿಯರ್ ಇವತ್ತೇ ಕುಡೀರಿ. ಸಿಟ್ಟು ಇದರಲ್ಲಿಟ್ಟಿದೀನಿ," ಎಂದಳು. "ಐದು ದಿನ ಸಾಕು. ಮಂಗಳವಾರ ಬಂದು ತೆಗೀರಿ, ನಾನಿರ್ತೀನಿ."