ಸೀರೆಯ ಮಡಿಕೆಯೊಳಗಿನ ಮಾರ್ಕ್ಸ್ ಕಾರ್ಡು

ಕಟ್ಟೆಯ ಮೇಲೆ ಸೀರೆಗಳಿರಲಿಲ್ಲ. ಮನೀಷಾ ಅವ್ವನ ಕಡೆ ತಿರುಗಿದಳು.

"ಯವ್ವಾ, ಸೀರಿ ಎಲ್ಲಿ?"

"ರಬಕವಿಗೆ, ಸಾವಕಾರ್ರ ಅಂಗಡಿಗೆ ಕಳಿಸೇನಿ. ಶನಿವಾರ ತನಕ ಯಾಕ ಇಟ್ಕೊಂಡ ಕುಂಡ್ರಬೇಕು?" ತಾರವ್ವ ಮಗ್ಗದಿಂದ ತಲೆಯೆತ್ತದೆ ಅಂದಳು.

ಇಡೀ ಬನಹಟ್ಟಿಯಲ್ಲಿ ಮಾರ್ಕ್ಸ್ ಕಾರ್ಡು ಬಚ್ಚಿಡಲು ಈ ಹುಡುಗಿಗೆ ಸಿಕ್ಕ ಜಾಗವಾದರೂ ಎಂಥದ್ದು ನೋಡಿ, ನೇಯ್ದಿಟ್ಟ ಸೀರೆಯ ಮಡಿಕೆ! ಮಡಿಸಿಟ್ಟ ಮಾಲನ್ನು ನೇಕಾರರ ಮನೆಯಲ್ಲಿ ಯಾರೂ ಮತ್ತೆ ಬಿಚ್ಚುವುದಿಲ್ಲ ಎಂಬ ಧೈರ್ಯ ಅವಳಿಗೆ. ಆದರೆ ಸಾವುಕಾರರ ಅಂಗಡಿಯಲ್ಲಿ ಒಂದೊಂದು ಸೀರೆಯನ್ನೂ ಬಿಚ್ಚಿ, ಬೆಳಕಿಗೆ ಹಿಡಿದು ನೋಡುತ್ತಾರೆ. ನೋಡುವವನು ಸಾವುಕಾರರ ಮಗ ಪರಮಾನಂದ.

ಅವಳು ಮಹಾಲಿಂಗಪುರದ ಕಾಲೇಜು ಬಿಟ್ಟು ಜಮಖಂಡಿಗೆ ಹೊರಟಿದ್ದೇ ಅವನಿಗಾಗಿ. ಅವನು ಅಲ್ಲಿ ಎಂ.ಕಾಂ. ಓದುತ್ತಿದ್ದ. ಅಲ್ಲಿ ಛಲೋ ಕಲಿಸುತ್ತಾರೆಂದು ಮನೆಯಲ್ಲಿ ಹೇಳಿದ್ದು ಬರೀ ನೆಪ. ನಾಲ್ಕನೇ ಸೆಮಿಸ್ಟರಿನಲ್ಲಿ ಎಪ್ಪತ್ತೆಂಟು ಪರ್ಸೆಂಟ್ ಬಂತೆಂದು ಅವನಿಗೆ ಹೇಳಿದ್ದು ಹಸಿ ಸುಳ್ಳು. ಬಂದಿದ್ದು ನಲವತ್ತೊಂದು, ಅದರಲ್ಲೂ ಸ್ಟ್ಯಾಟಿಸ್ಟಿಕ್ಸ್ ಫೇಲು.

"ರಿಸಲ್ಟ್ ಇನ್ನೂ ಬಂದಿಲ್ಲ ಅಂತ ಜಮಖಂಡಿ ಕಾಲೇಜಿನ ಫಾರ್ಮಿನ್ಯಾಗ ಬರದ ಬಿಡ ಲೇ," ಎಂದು ಗೆಳತಿ ಸ್ನೇಹಾ ಉಪಾಯ ಹೇಳಿಕೊಟ್ಟಿದ್ದಳು. ಸಿಕ್ಕಿಬಿದ್ದರೆ ಸೀಟು ರದ್ದು. ನಲವತ್ತೊಂದೆಂದು ಖರೆ ಬರೆದರೂ ಸೀಟು ಸಿಗುವುದು ಅನುಮಾನವೇ. ಫಾರ್ಮು ಕೊಡಲು ಇವತ್ತೇ ಕೊನೆಯ ದಿನ.

ಆಟೋ ಹಿಡಿದು ಅಂಗಡಿ ಮುಟ್ಟಿದಳು. ಪರಮಾನಂದ ಗಾದಿಯ ಮೇಲೆ ಒಬ್ಬನೇ ಕುಳಿತಿದ್ದ. ಮುಂದೆ ಅರ್ಧ ಬಿಚ್ಚಿದ ಸೀರೆ, ಕೈಯಲ್ಲಿ ಕಾರ್ಡು. ಅವಳನ್ನು ಕಂಡರೆ ಸಾಕು, ಮೀಸೆಯಡಿಯಲ್ಲೇ ನಗುತ್ತಿದ್ದವನು ಇವತ್ತು ನಗಲಿಲ್ಲ.

"ನೋಡಿದ್ರ್ಯಾ?"

"ನೋಡ್ದೆ."

"ಎಲ್ಲಾನೂ?"

"ಸ್ಟ್ಯಾಟಿಸ್ಟಿಕ್ಸ್ ಅಷ್ಟ ಎರಡ ಸಲ ನೋಡ್ದೆ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವಳಿಗೆ.

"ಫೇಲಾದದ್ದಕ್ಕ ನನಗೇನೂ ಇಲ್ಲ, ಮನೀಷಾ. ನನ್ನ ಮುಂದ ಯಾಕ ಸುಳ್ಳ ಹೇಳ್ದಿ?"

"ಹೆದರಿಕಿ ಆತ್ರಿ. ದಡ್ಡಿ ಅಂತ ಬಿಟ್ಟಬಿಡ್ತೀರಿ ಅಂತ..." ಉಳಿದ ಮಾತು ಅಳುವಿನಲ್ಲಿ ಹೋಯಿತು.

ಅವನು ಕಾರ್ಡು ಅವಳ ಕೈಗಿಟ್ಟ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದೆ ತೆಗೆಯಲು ಅವಸರ ಮಾಡಲಿಲ್ಲ.

"ಫಾರ್ಮಿನ್ಯಾಗ ಏನ್ ಬರೀತಿ?"

"ಗೊತ್ತಿಲ್ರಿ."

"ನಾ ಹೇಳೂದಿಲ್ಲ. ನಿಂದ ನೀನ ಬರಿ. ನಿನ್ನ ಜೋಡಿ ಜಮಖಂಡಿಗೆ ಅಂತೂ ಬರ್ತೇನಿ."

ಜಮಖಂಡಿಯ ಕಾಲೇಜಿನ ಕೌಂಟರಿನಲ್ಲಿ ಅವಳು ಪೆನ್ನು ಹಿಡಿದಳು. ಫಾರ್ಮಿನಲ್ಲಿ ಪರ್ಸೆಂಟ್ ತುಂಬುವ ಖಾಲಿ ಮನೆಯನ್ನು ನೋಡಿದಳು. ಪಕ್ಕದಲ್ಲಿ ನಿಂತವನನ್ನು ನೋಡಿದಳು. ಅವನು ಬೇಕಂತಲೇ ನೋಟಿಸ್ ಬೋರ್ಡು ಓದುತ್ತಿದ್ದ. ನಲವತ್ತೊಂದು ಎಂದು ಬರೆದಳು.

ಕ್ಲಾರ್ಕ್ ಅಣ್ಣಾಸಾಹೇಬರು ಕನ್ನಡಕ ಏರಿಸಿಕೊಂಡು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕಾರ್ಡು ಓದಿದರು. "ಸ್ಟ್ಯಾಟಿಸ್ಟಿಕ್ಸ್ ಫೇಲ್ ಏನವಾ?"

"ಹೌದ್ರಿ. ಫೇಲ್ ಆಗೇನ್ರಿ." ಮಾತು ಪೂರ್ತಿ ಹೊರಬಂತು.

"ಪ್ರಿನ್ಸಿಪಾಲರನ್ನ ಕೇಳಬೇಕು. ಹೊರಗ ಕುಂಡ್ರು, ಕರೀತೇನಿ. ಭಾಳ ಆಶಾ ಇಟ್ಕೋಬ್ಯಾಡ."

ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರೂ ಕುಳಿತರು.

"ಸೀಟ್ ಸಿಗಲಿಲ್ಲಂದ್ರ?"

"ಮಹಾಲಿಂಗಪುರದಾಗ ಓದು. ವಾರಕ್ಕ ಮೂರ ಸಂಜಿ ನಾನ ನಿಮ್ಮ ಮನಿಗೆ ಬಂದ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡ್ತೇನಿ."

"ಸಾವಕಾರ್ರ ಮಗಾ ಯಾಕ ಬರಾಕತ್ತಾನ ಅಂತ ಅವ್ವ ಕೇಳ್ತಾಳ."

"ಏನ್ ಹೇಳೂದ ಹಂಗಾರ?"

"ಖರೇನ ಹೇಳ್ರಿ."

"ಯಾವ ಖರೆ?" ಅವನು ಬೆಳಗಿನಿಂದ ಮೊದಲ ಬಾರಿ ಮೀಸೆಯಡಿ ನಕ್ಕ.

"ನಾ ಜಮಖಂಡಿಗೆ ಹೊಂಟಿದ್ದ ಕಾಲೇಜಿಗಲ್ಲ, ನಿಮ್ಮ ಸಲುವಾಗಿ ಅಂತ."

ಕೆಣಕಲು ಬಂದವನ ಕಿವಿಯೇ ಕೆಂಪಾಯಿತು. "ಅದನ್ನ ನೀ ಹೇಳು," ಎಂದ ಮೆಲ್ಲಗೆ. "ನಾ ನಂದ ಹೇಳ್ತೇನಿ. ಮಗಳನ್ನ ಕೊಡ್ರಿ ಅಂತ."

ಒಳಗಿನಿಂದ ಕ್ಲಾರ್ಕ್ ಅವಳ ಹೆಸರು ಕೂಗಿದರು. ಅವಳು ಧಡಕ್ಕನೆ ಎದ್ದಳು. ಪರಮಾನಂದನೂ ಎದ್ದು ನಿಂತು, ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆಯೇ ಅವಳ ಕೈ ಹಿಡಿದುಕೊಂಡ.