ದೊರೆಮಗಳ ಸೀಟಿ

"ಸುಳ್ಳು! ಇವರು ಹೇಳಿದ್ದರಲ್ಲಿ ಒಂದಕ್ಷರಾನೂ ನಿಜ ಅಲ್ಲ!"

ಮೊದಲ ಭೇಟಿಯಲ್ಲೇ, ಅಷ್ಟೂ ಪ್ರವಾಸಿಗರ ಎದುರಿಗೆ, ಅವಳು ಅವನ ಮಾನ ಹರಾಜು ಹಾಕಿದ್ದಳು.

ಅವನೋ... ನಾಚಿಕೆಗೆಟ್ಟವನು, ಟೋಪಿ ತೆಗೆದು ನಕ್ಕಿದ್ದ!

"ನಿಜ ಹೇಳೋಕೆ ನೀವಿದ್ದೀರಲ್ಲ ಮೇಡಂ."

ಅಂದೇ ಅವಳು ಅವನಿಗೆ ರೀಲುರಾಯ ಎಂದು ಹೆಸರಿಟ್ಟಳು.

ಆ ಗುಡ್ಡದೂರಿನಿಂದ ಬಿಳಿ ದೊರೆಗಳು ಗಂಟುಮೂಟೆ ಕಟ್ಟಿ ಎಷ್ಟೋ ಕಾಲವಾಗಿತ್ತು. ಅವರು ಕುಡಿದು ತೂರಾಡಿದ ಕ್ಲಬ್ಬು, ಗೊರಕೆ ಹೊಡೆದ ಬಂಗಲೆ, ಕೊನೆಗೆ ಮಣ್ಣಾದ ಸಮಾಧಿ ತೋರಿಸಿಯೇ ಊರು ಇನ್ನೂ ಹೊಟ್ಟೆ ಹೊರೆಯುತ್ತಿತ್ತು. ಅವಳ ಚಿಕ್ಕಪ್ಪನ ಹೋಟೆಲೂ ಪ್ರತಿ ವಾರ 'ಪಾರಂಪರಿಕ ನಡಿಗೆ' ನಡೆಸುತ್ತಿತ್ತು. ಇತಿಹಾಸ ಓದಿದ ಅವಳು ಇಸವಿ ಹೇಳಬೇಕು, ದೊರೆಯ ಕೆಂಪು ಕೋಟು ತೊಟ್ಟ ಅವನು ಕಥೆ ಹೇಳಬೇಕು.

ಅವಳು ಬಾಯಿ ತೆರೆದರೆ ಜನ ಆಕಳಿಸುತ್ತಿದ್ದರು. ಅವನು ತೆರೆದರೆ ಕಣ್ಣೊರೆಸಿಕೊಳ್ಳುತ್ತಿದ್ದರು!

'ಕೋಟು ನೋಡು, ಬ್ಯಾಂಡ್‌ಸೆಟ್‌ನವನ ಹಾಗೆ! ಬೆಟ್ಟ ಅಗೆದು ರಸ್ತೆ ಮಾಡಿದ ಕೂಲಿಗಳ ಬಗ್ಗೆ ಒಂದು ಮಾತಿಲ್ಲ. ದೊರೆಮಗಳ ಪ್ರೇಮವಂತೆ... ಥೂ!'

ಆ ಪ್ರೇಮಕಥೆ ಹಳೇ ಅಂಚೆಕಚೇರಿಯ ಮುಂದೆ ಶುರುವಾಗುತ್ತಿತ್ತು. ಶುರುವಾದ ಕೂಡಲೇ ಅವಳು ಮೂಗು ಮುರಿದು ಸಮಾಧಿಗಳ ಕಡೆ ನಡೆದುಬಿಡುತ್ತಿದ್ದಳು. ಇವನಿಗಿಂತ ಸತ್ತವರ ಸಹವಾಸವೇ ವಾಸಿ!

ಕಡೆಗೆ ಚಿಕ್ಕಪ್ಪನಿಗೆ ಖಡಾಖಂಡಿತವಾಗಿ ಹೇಳಿದಳು.

"ಒಂದೋ ಅವನಿರಬೇಕು, ಇಲ್ಲ ನಾನಿರಬೇಕು."

ಮನೆಮಗಳ ಮಾತು ನಡೆಯಿತು. ಇವತ್ತು ರೀಲುರಾಯನ ಕೊನೆಯ ನಡಿಗೆ.

ದರಿದ್ರ ತೊಲಗುವುದನ್ನು ಕಣ್ಣಾರೆ ನೋಡೋಣವೆಂದು ಅವಳು ಮೊದಲ ಬಾರಿಗೆ ಅಂಚೆಕಚೇರಿಯ ಮುಂದೆ ನಿಂತಳು. ಚದುರಿದ ಜನರನ್ನು ಕರೆಯಲು ಕೊರಳಿಗೆ ಹಾಕಿಕೊಂಡಿದ್ದ ಸೀಟಿಯನ್ನು ಅಸಹನೆಯಿಂದ ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

ಅವನ ದನಿ ಇವತ್ತು ಕುಗ್ಗಿತ್ತು.

"ದೊರೆಮಗಳಿಗೆ ಊರೆಲ್ಲ ಹೆದರ್ತಿತ್ತು. ಯಾರು ತಪ್ಪು ಮಾತಾಡಿದ್ರೂ ಮುಖಕ್ಕೆ ಹೊಡೆದ ಹಾಗೆ ಹೇಳೋಳು. ಈ ಕಿಟಕಿ ಹಿಂದೆ ಕೂತಿದ್ದ ಗುಮಾಸ್ತನಿಗೆ ಮಾತ್ರ, ಅವಳ ಬೈಗುಳ ಕೇಳದಿದ್ರೆ ಆ ದಿನ ಊಟ ಸೇರ್ತಿರಲಿಲ್ಲ. ಸಿಟ್ಟು ಬಂದ್ರೆ ಅವಳು... ಕೊರಳಲ್ಲಿರೋ ಸೀಟಿ ಕಚ್ಚೋಳು..."

"ಒಂದ್ನಿಮಿಷ," ಗುಂಪಿನಲ್ಲಿದ್ದ ಅಜ್ಜಿಯೊಬ್ಬರು ತಡೆದರು. "ದೊರೆಮಗಳಿಗೆ ಸೀಟಿ ಯಾಕಪ್ಪಾ? ಅವಳೇನು ಬಸ್ ಕಂಡಕ್ಟರಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ಕಕ್ಕಾಬಿಕ್ಕಿಯಾದ. ಅಜ್ಜಿಯ ಕಣ್ಣು ಮೆಲ್ಲಗೆ ಅವಳತ್ತ ತಿರುಗಿತು. ಹಿಂದೆಯೇ ಎಲ್ಲರ ಕಣ್ಣೂ!

ಸೀಟಿ ಅವಳ ಬಾಯಿಂದ ಜಾರಿತು.

'ನನ್ನನ್ನೇ ಆಡಿಕೊಂಡು... ಇಷ್ಟು ದಿನ?'

ಮುಖ ಕೆಂಡವಾಯಿತು. ದಡದಡ ನಡೆದೇಬಿಟ್ಟಳು. ಅವನು ಹಿಂದೆಯೇ ಓಡಿಬಂದ.

"ನಾನು ನಿಮಗೆ ನಗೆಪಾಟಲಾ?"

"ಇವತ್ತು ಬಿಟ್ರೆ ಯಾರೂ ನಕ್ಕಿಲ್ಲ ಮೇಡಂ. ಅಳ್ತಾರೆ."

"ಯಾಕೆ?"

"ಗುಮಾಸ್ತ ಕೊನೆವರೆಗೂ ಅವಳಿಗೆ ಹೇಳೋದೇ ಇಲ್ಲ. ಅವಳ ಕಣ್ಣಿಗೆ ಅವನು ಕಾಲ ಕಸ. ಹೇಳಿ ಏನು ಪ್ರಯೋಜನ ಅಂತ ಸುಮ್ಮನಾಗ್ತಾನೆ."

ಪ್ರತಿ ವಾರ ತಾನು ಮೂಗು ಮುರಿದು ಹೋದಾಗಲೆಲ್ಲ ಇವನು ಪ್ರವಾಸಿಗರ ಮುಂದೆ ತನ್ನನ್ನೇ... ತನ್ನ ಬೈಗುಳವನ್ನೂ ಜೋಪಾನ ಮಾಡಿದವನ ಕೆಲಸಕ್ಕೆ ತಾನೇ ಕಲ್ಲು ಹಾಕಿದ್ದಳಲ್ಲ! ಇಷ್ಟು ದಿನ ಅವನ ಮೇಲಿದ್ದ ಹೇಸಿಗೆಯೆಲ್ಲ ಈಗ ತನ್ನ ಮೇಲೆಯೇ ತಿರುಗಿತು.

"ಆ ಗುಮಾಸ್ತ ಶುದ್ಧ ಹೇಡಿ," ಎಂದಳು, ಕಣ್ಣು ತುಂಬಿಕೊಂಡು.

"ಹೌದು."

"ಅವಳು ಕುರುಡಿ."

"ಹಾಗಂತ ನಾನು ಯಾವತ್ತೂ ಹೇಳಿಲ್ಲ."

"ನಾನು ಹೇಳ್ತಿದ್ದೀನಲ್ಲ! ಗುಮಾಸ್ತನ ಕಥೆ ಸಾಕು. ನಿಮ್ಮದು ಹೇಳಿ."

ಅವನು ಕೆಂಪು ಕೋಟು ಕಳಚಿ ತೋಳಿಗೆ ಹಾಕಿಕೊಂಡ.

"ನೀವಂದ್ರೆ ನನಗೆ... ಪ್ರಾಣ."

ಅವಳು ಅಳುತ್ತಲೇ ನಕ್ಕಳು.

"ಚಿಕ್ಕಪ್ಪನಿಗೆ ಈಗ ಏನಂತ ಹೇಳ್ಲಿ ನಾನು?"

"ಏನಾದ್ರೂ ಕಥೆ ಕಟ್ಟೋಣ..."

"ಬೇಡ." ಅವಳು ಅವನ ಕೈ ಹಿಡಿದಳು. "ನಿಜಾನೇ ಹೇಳ್ತೀನಿ. ಈ ಪೀಡೆ ನನಗೇ ಇರಲಿ ಅಂತ."