ಭಂಡಾರ ಹಚ್ಚಿದ ಚಿಗರಿ

"ಚಿಗರಿ ಹಣಿಗೆ ಭಂಡಾರ ಹಚ್ಚಿದಾಕಿ ನೀವೇ ಏನ್ರಿ?"

ಪೆಂಟಮ್ಮ ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. ಬಂದವನು ಅರಣ್ಯ ಇಲಾಖೆಯ ವಾಚರ್ ಮೈಲಾರಲಿಂಗ. ಮಕ್ತಲದ ಅಂಚಿನ ಈ ಹೊಸ ಕಾಲೊನಿಗೆ ಚಿಗರಿ ಜಿಂಕೆಗಳು ಬರತೊಡಗಿದ ಮೇಲೆ ಅವನ ಡ್ಯೂಟಿ ಇಲ್ಲೇ.

"ಹೂನ್ರಿ. ದೇವರಿಗೆ ಬಿಟ್ಟ ಕುರಿಮರಿಗೆ ಅರಿಶಿಣ ಹಚ್ಚಂಗ ಹಚ್ಚೀನಿ. ಮೈಲಾರ ದೇವರ ಪ್ರಾಣಿ ಅಂದ್ರ ಯಾರೂ ಕಲ್ಲು ಒಗೆಯಂಗಿಲ್ಲ."

"ನನ್ನ ಹೆಸರಿಲೆ ಬಿಟ್ಟೀರಿ ಅನ್ರಿ."

ಅವನು ಓರೆಗಣ್ಣಿನಿಂದ ನೋಡಿದ. ಅವಳು ನಗಲಿಲ್ಲ. ಗಂಡ ಪುಣೆಯಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತ ಮೇಲೆ ಅವಳು ಅತ್ತದ್ದೂ ಇಲ್ಲ. ರೊಟ್ಟಿ ಬಡಿದು ಮಾರುತ್ತಾಳೆ. ಉಂಡರೆ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯದು. ಹೆಂಡತಿ ತೀರಿಕೊಂಡ ಮೈಲಾರಲಿಂಗ ದಸರೆಯಲ್ಲಿ ಉಡಿಕಿಯ ಮಾತೆತ್ತಿದ್ದ. ಅವರ ಜನರಲ್ಲಿ ಗಂಡ ಸತ್ತವಳಿಗೆ ಹಿರಿಯರ ಮುಂದೆ ಸೀರೆ ಉಡಿಸಿ ಮತ್ತೊಂದು ಮನೆಗೆ ಕಳಿಸುವುದುಂಟು.

"ಖಾಲಿ ಬಿಂದಿಗಿ ಒಯ್ದು ಏನ್ ಮಾಡ್ತೀರಿ?" ಎಂದಿದ್ದಳು.

"ಖಾಲಿ ಇದ್ರ ಹಗುರ. ಹೊತ್ಕೊಂಡು ಹೋಗ್ತೀನಿ."

ಅವಳು ಒಪ್ಪಿರಲಿಲ್ಲ. ಅವನು ಮತ್ತೆ ಕೇಳಿರಲಿಲ್ಲ. ದಿನಾ ಬಂದು ರೊಟ್ಟಿ ಮಾತ್ರ ಕೊಳ್ಳುತ್ತಿದ್ದ.

ಇಂದು ಅವನು ಕೊಳ್ಳಲು ಬಂದಿರಲಿಲ್ಲ. ಭಂಡಾರ ಕಂಡು ಮನೆಮನೆಯವರೂ ಆ ಜಿಂಕೆಗೆ ಕೈ ಮುಗಿದು ತಿನ್ನಿಸಿದ್ದರು. ಅದು ಹಿಂಡನ್ನೇ ಮರೆತು ಕಿರಾಣಿ ಅಂಗಡಿಯ ಮುಂದೆ ಮಲಗುತ್ತಿತ್ತು. ನಿನ್ನೆ ನಾಯಿಗಳು ಅದರ ತೊಡೆ ಹರಿದಿದ್ದವು.

"ಇಲ್ಲೇ ಇದ್ರ ಸಾಯತೈತಿ. ನೀವೇ ಒಂದು ಕಲ್ಲು ಹೊಡೀರಿ. ನಿಮಗ ಅಂಜಿದ್ರ ಊರಿಗೆಲ್ಲಾ ಅಂಜತೈತಿ."

ಸಂಜೆ ಇಬ್ಬರೂ ಕಾಲೊನಿಯ ಕೊನೆಗೆ ಹೋದರು. ಆಚೆ ಜೋಳದ ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಜಿಂಕೆ ಅವಳ ಬೆನ್ನು ಹಿಡಿದು ಕುಂಟುತ್ತ ಬಂತು. ಕಲ್ಲಿದ್ದ ಅಂಗೈಯನ್ನು ರೊಟ್ಟಿಗೆಂದು ಮೂಸಿತು. ಕಲ್ಲು ಜಾರಿ ಬಿತ್ತು.

ಮೈಲಾರಲಿಂಗ ಕವಣೆ ಬೀಸಿದ. ಏಟು ಪಕ್ಕೆಗೆ ತಾಗಿತು. ಜಿಂಕೆ ಚಿಮ್ಮಿ ನಿಂತು, ಪೆಂಟಮ್ಮನ ಕಡೆ ತಿರುಗಿ ನೋಡಿತು. ಇನ್ನೊಂದು ಕಲ್ಲು. ಓಡಿತು; ಹಿಂಡಿನೊಳಗೆ ಸೇರಿಹೋಯಿತು.

"ನಿನ್ನ ಕೈ ಸೇದಿ ಹೋಗ್ಲಿ! ಹೊಡೆಯಾಕ ಮನಸರ ಹೆಂಗ ಬಂತೋ ನಿನಗ!"

ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಅವನು ಕದಲಲಿಲ್ಲ.

"ಬೈರಿ. ಇನ್ನೂ ಬೈರಿ. ಇಷ್ಟು ಮಾತು ನಿಮ್ಮ ಬಾಯಾಗ ಇವತ್ತೇ ಕೇಳಿದೆ."

ಅವನ ಕಣ್ಣುಗಳು ತುಂಬಿದ್ದವು. ಕವಣೆ ಬೀಸಿದ ಆ ಬಲಗೈಯನ್ನು ಅವಳು ಹಿಡಿದುಕೊಂಡಳು.

ಹಿಂಡಿನ ಕಡೆ ನೋಡುತ್ತ ಅಂದಳು, "ನಮ್ಮಣ್ಣ ನಾರ್ವ ಊರಾಗ ಅದಾನ. ಉಡಿಕಿ ಮಾತು ಅವನ ಮುಂದ ತೆಗೀರಿ."

"ನೀವು ಏನಂತೀರಿ?"

"ನಾ ಒಲ್ಲೆ ಅನ್ನಂಗಿಲ್ಲ."

ಸಂತೋಷವಾಯಿತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಕೈ ಮಾತ್ರ ಬಿಡಲಿಲ್ಲ.